ಪದ ಕಟ್ಟಿದವರ ತಾಟು

ನಮ್ಮ ಮನೆಯಲ್ಲಿ ಸೋಮವಾರ ಸಂಜೆ ಉಣ್ಣುವವರಿಗಿಂತ ಒಂದು ತಾಟು ಹೆಚ್ಚು ಇರುತ್ತಿತ್ತು. ಪಡಸಾಲೆಯ ಗೋಡೆಗೆ ಒಂದು ಮಣೆ, ಮಣೆಯ ಮುಂದೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಾಟು, ಬಲಕ್ಕೆ ನೀರು ತುಂಬಿದ ತಂಬಿಗೆ. ಆ ಮಣೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರಬೇಕಾದವರು ತೀರಿಹೋಗಿ ಎಷ್ಟೋ ತಲೆಮಾರು ಆಗಿತ್ತು. ನಾವು ಭಜನೆಯಲ್ಲಿ ಹಾಡುವ ಪದಗಳನ್ನು ಕಟ್ಟಿ, ಅವಕ್ಕೆ ಧಾಟಿ ಹಚ್ಚಿ, ಕೊನೆಯ ಸಾಲಿನಲ್ಲಿ ತಮ್ಮ ಅಂಕಿತ ಇಟ್ಟು ಹೋದ ಹಿಂದಿನ ಕಾಲದ ದೊಡ್ಡವರು ಅವರು. ಅವರಲ್ಲಿ ಒಬ್ಬರನ್ನು ಆರಿಸಿ ವಾರಕ್ಕೊಮ್ಮೆ ಊಟಕ್ಕೆ ಕರೆಯುವುದು ನಮ್ಮ ಮನೆಯ ಆಟ. ಆಟ ಅಂದರೆ ಮುತ್ಯಾನಿಗೆ, ಎಂದರೆ ನನ್ನ ಅಪ್ಪನ ಅಪ್ಪನಿಗೆ, ಸಿಟ್ಟು ಬರುತ್ತಿತ್ತು. ಅದು ಸೇವೆ ಎನ್ನುತ್ತಿದ್ದ. ಅವ್ವ ಅದನ್ನು ದಂಡ ಎನ್ನುತ್ತಿದ್ದಳು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಕಬ್ಬಿಗೆ ನೀರು ಹಾಯಿಸಿ ದಣಿದು ಬಂದವನಿಗೆ ತನ್ನ ತಾಟು ಮುಂದೆ ಬಂದರೆ ಸಾಕಿತ್ತು. ಇದನ್ನೆಲ್ಲ ಶುರು ಮಾಡಿದವನು ಅಪ್ಪನ ತಮ್ಮ, ನನ್ನ ಬಾಳು ಕಾಕಾ. ಅವನ ಬಗ್ಗೆ ಬರೆಯುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ, ಆದರೂ ಬರೆಯುತ್ತೇನೆ.

ನಮ್ಮೂರು ಕಾಗವಾಡದ ಮಗ್ಗುಲಿಗೆ. ಮನೆಯ ಹಿಂದೆ ದ್ರಾಕ್ಷಿ ತೋಟ, ರಸ್ತೆಯ ಆಚೆ ಕಬ್ಬು. ಮಿರಜಿನ ಕಡೆ ಹೋಗುವ ಬಸ್ಸುಗಳ ಧೂಳು ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು. ಮನೆಯಲ್ಲಿ ಬೈಗುಳ ಕನ್ನಡದಲ್ಲಿ, ಲೆಕ್ಕ ಮರಾಠಿಯಲ್ಲಿ, ದೇವರ ಹಾಡು ಎರಡರಲ್ಲೂ. ಸೋಮವಾರದ ಆಟಕ್ಕೆ ನೇಮಗಳಿದ್ದವು. ಆ ವಾರ ಯಾರ ಪಾಳಿಯೋ ಅವರು ಅತಿಥಿಯನ್ನು ಆರಿಸಬೇಕು. ಅವರಿಗೆ ಏನು ಇಷ್ಟ ಅನ್ನುವುದನ್ನು ಬೆಳಿಗ್ಗೆಯೇ ಅವ್ವನಿಗೆ ಹೇಳಬೇಕು. ಬಡಿಸಿದ ಮೇಲೆ ಅವರಿಗೆ ಒಂದು ಪ್ರಶ್ನೆ ಕೇಳಬೇಕು, ಅವರದೊಂದು ಪದ ಹಾಡಬೇಕು. ಎಲ್ಲರ ಊಟ ಮುಗಿದ ಮೇಲೆ ಆ ತಾಟು ಕರೆದವರಿಗೇ ಸೇರುತ್ತಿತ್ತು. ಅದೇ ಆಸೆಗೆ ನಾನು ನನ್ನ ಪಾಳಿಗಾಗಿ ಕಾಯುತ್ತಿದ್ದೆ. ಹಿತ್ತಾಳೆ ತಾಟಿನಲ್ಲಿ ಉಂಡರೆ ಅದೇ ಬದನೆಕಾಯಿ ಬೇರೆ ರುಚಿ ಕೊಡುತ್ತಿತ್ತು.

ದೊಡ್ಡವರ ಹೆಸರು ಹಿಡಿದು ಊಟಕ್ಕೆ ಕರೆಯಬಾರದು ಅಂತ ಮುತ್ಯಾನ ಕಟ್ಟಪ್ಪಣೆ. ಹಾಗಾಗಿ ಎಲ್ಲರಿಗೂ ನಾವೇ ಹೆಸರಿಟ್ಟುಕೊಂಡಿದ್ದೆವು. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡಿದವರು ಗೆಜ್ಜಿ ಅಜ್ಜ. ಮರಾಠಿ ಸೀಮೆಯಲ್ಲಿ ಅಭಂಗ ಕಟ್ಟುತ್ತಾ ತಮ್ಮ ಅಂಗಡಿ ಮುಳುಗಿಸಿಕೊಂಡವರು ಅಂಗಡಿ ಅಜ್ಜ. ಮಠಕ್ಕೂ ಮಸೀದಿಗೂ ಒಂದೇ ಚಪ್ಪಲಿಯಲ್ಲಿ ಓಡಾಡಿದವರು ಚಪ್ಪಲಿ ಅಜ್ಜ. ಗೆಜ್ಜಿ ಅಜ್ಜನಿಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ನಡೆಯುವುದಿಲ್ಲ, ಅವ್ವ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಬೇಕು. ಅಂಗಡಿ ಅಜ್ಜ ಬಂದರೆ ಮುತ್ಯಾ ಖಾಲಿ ಮಣೆಯ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದ, ಈ ಸಲ ಪಂಢರಪುರದ ಹಾದಿಯಲ್ಲಿ ಕೆಸರು ಹೇಗಿದೆ ಅಂತ ವಿಚಾರಿಸುತ್ತಿದ್ದ. ಅವ್ವನಿಗೆ ಪ್ರೀತಿಯೆಲ್ಲ ಚಪ್ಪಲಿ ಅಜ್ಜನ ಮೇಲೆ. ಅವರ ವಾರ ಅಂದರೆ ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ ಇಷ್ಟಕ್ಕೇ ಮುಗಿಯುತ್ತಿತ್ತು. ಹೋಳಿಗೆ ಬೇಡುವ ಅತಿಥಿ ಬಂದ ದಿನ ಅವಳು ಒಲೆಯ ಮುಂದೆ ಕೂತು ನಮಗೆ ಕೇಳುವಂತೆ ಗೊಣಗುತ್ತಿದ್ದಳು.

"ಬರಲಾರದ ಮಂದಿಗೆ ಇಷ್ಟ ಉಪಚಾರ. ದಿನಾ ಕುಂತ ಉಣ್ಣಾವರು ಒಂದ ದಿನಾರ ಚಲೋ ಆಗೇತಿ ಅಂದಾರೇನ?"

"ವೈನಿ, ಅವರು ಅಂದ್ರಲ್ಲ ಈಗ. ನಿಮಗ ಕೇಳಿಸಿಲ್ಲ," ಎನ್ನುತ್ತಿದ್ದ ಕಾಕಾ. ಅವ್ವನಿಗೆ ನಗೆ ತಡೆಯಲಾಗುತ್ತಿರಲಿಲ್ಲ.

ಜಗಳಗಳೂ ಆಗುತ್ತಿದ್ದವು. ಒಮ್ಮೆ ಅಪ್ಪ ಅಪರೂಪಕ್ಕೆ ಬಾಯಿ ಬಿಟ್ಟು, ಇಬ್ಬರನ್ನೂ ಒಟ್ಟಿಗೆ ಕರೆಯೋಣ, ಗೆಜ್ಜಿ ಅಜ್ಜ ಮತ್ತು ಚಪ್ಪಲಿ ಅಜ್ಜ ಇಬ್ಬರೂ ಬರಲಿ ಅಂದ. ಅವರಿಬ್ಬರು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆಯೇ ಅನ್ನುವ ಮಾತಿಗೆ ಮುತ್ಯಾ ಮತ್ತು ಕಾಕಾ ಕೈ ತೊಳೆದುಕೊಂಡು ವಾದಕ್ಕೆ ನಿಂತರು. ಮುತ್ಯಾ ಉಣ್ಣದೆ ಎದ್ದು ಹೋಗಿ ಕಟ್ಟೆಯ ಮೇಲೆ ಕೂತ. ಕಾಕಾ ಅವನ ಹಿಂದೆಯೇ ಹೋದ.

"ಪದಾ ಕಟ್ಟಾವ್ರೊಳಗ ನಂದು ನಿಂದು ಅನ್ನೂದ ಇರೂದಿಲ್ಲೋ ಅಪ್ಪಾ. ಎಲ್ಲಾರೂ ಒಂದ ಮನಿಯವ್ರ. ಏಳು, ರೊಟ್ಟಿ ಆರತೈತಿ."

ಈ ಮಾತು ಅವತ್ತು ನನಗೆ ಎಷ್ಟು ಚೆಂದ ಕಂಡಿತ್ತು. ಕಾಕಾನಿಗೆ ಮದುವೆ ಆಗಿರಲಿಲ್ಲ. ಊರಿನ ಭಜನಾ ಮೇಳಕ್ಕೆ ಅವನೇ ಮುಂದಾಳು, ಪೇಟಿ, ಎಂದರೆ ಹಾರ್ಮೋನಿಯಂ, ಅವನದೇ. ಪೇಟಿಯ ಬಾತೆಯ ಮೇಲೆ ನನ್ನ ಪುಟ್ಟ ಕೈ ಇಟ್ಟು ಗಾಳಿ ಹಾಕುವುದನ್ನು ಕಲಿಸಿದವನು ಅವನು. ಶಾಲೆಯಿಂದ ಬಂದರೆ ನಾನು ಅವ್ವನನ್ನು ಹುಡುಕುತ್ತಿರಲಿಲ್ಲ, ಕಾಕಾನನ್ನು ಹುಡುಕುತ್ತಿದ್ದೆ. ಅಂಕಿತ ಅಂದರೇನು, ಒಂದೇ ಪದ ಹತ್ತೂರಲ್ಲಿ ಹತ್ತು ಥರ ಹಾಡಿದರೂ ಕೊನೆಯ ಸಾಲನ್ನು ಯಾಕೆ ಯಾರೂ ಮುಟ್ಟುವುದಿಲ್ಲ, ಇದೆಲ್ಲ ನನಗೆ ಗೊತ್ತಾದದ್ದು ಅವನಿಂದಲೇ. ಅಂಕಿತ ಬದಲಿಸುವುದೆಂದರೆ ಸತ್ತವರ ಬಾಯಿಗೆ ಮಣ್ಣು ಹಾಕಿದಂತೆ ಎಂದಿದ್ದ. ಹೇಳುವಾಗ ಅವನ ಮುಖದಲ್ಲಿ ನಿಜವಾದ ಭಯವಿತ್ತು. ಅದಕ್ಕೇ ನಾನು ನಂಬಿದೆ.

ನನಗೆ ಮೈನೆರೆಯುವ ವಯಸ್ಸು ಹತ್ತಿರ ಬಂದ ವರ್ಷ. ನಮ್ಮ ಆಯಿ, ಮುತ್ಯಾನ ಹೆಂಡತಿ, ಆ ಮಳೆಗಾಲ ತೀರಿಕೊಂಡಿದ್ದಳು. ಜೋಳ ಬೀಸಲು ಊರಿಗೆ ಗಿರಣಿ ಬಂದು ಬಹಳ ದಿನ ಆಗಿದ್ದರೂ ಬೇಳೆ ಒಡೆಯಲು ಆಯಿಗೆ ಬೀಸುವ ಕಲ್ಲೇ ಬೇಕಿತ್ತು. ಅವಳು ಬೀಸುವಾಗ ಎದುರಿಗೆ ಕೂತು ಗೂಟಕ್ಕೆ ಕೈ ಕೊಡುವುದು ನನ್ನ ಕೆಲಸ. ಅವಳು ಹೋದ ಮೇಲೆ ಕಲ್ಲು ಅಡುಗೆಮನೆಯ ಮೂಲೆ ಸೇರಿತು. ಒಂದು ಮಧ್ಯಾಹ್ನ ನಾನೊಬ್ಬಳೇ ಅದನ್ನು ತಿರುಗಿಸುತ್ತಾ ಕೂತಾಗ ನಾಲ್ಕು ಸಾಲು ಬಂದವು. ಬಂದವು ಅಂತಲೇ ಹೇಳಬೇಕು, ನಾನು ಕರೆದಿರಲಿಲ್ಲ.

ಕಲ್ಲಿಗಿ ಹಸಿವಿಲ್ಲ, ಕಾಳ್ಯಾಕ ತಿಂತೈತಿ
ತಿಂದದ್ದನೆಲ್ಲ ಹೊರಗ್ಯಾಕ ಚೆಲ್ಲತೈತಿ
ಬೀಸಿದಾಕಿ ಉಪವಾಸ, ಉಂಡಾವರಿಗೆ ನಿದ್ದಿ
ಮಲ್ಲಯ್ಯನ ಮಗಳ ಕೇಳತಾಳ

ಮಂಗಸೂಳಿ ಮಲ್ಲಯ್ಯ ನಮ್ಮ ಮನೆದೇವರು. ಅಂಕಿತ ಅಂತ ಬೇಕಲ್ಲ, ಅವನ ಮಗಳು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ನಾಚಿಕೆ. ಮುಂದಿನ ಸೋಮವಾರ ನನ್ನ ಪಾಳಿ. ಯಾರನ್ನು ಕರೀತಿ ಎಂದು ಮುತ್ಯಾ ಕೇಳಿದ. ಬೀಸುವ ಕಲ್ಲಿನ ಹಾಡು ಕಟ್ಟಿದ ಹಿಂದಿನ ಕಾಲದ ಒಬ್ಬ ಆಯಿಯನ್ನು ಎಂದೆ.

"ಯಾವಾಕಿ ಅಕಿ? ಅಕಿಗಿ ಅಂಕಿತ ಐತೇನ? ಹೆಣ್ಣಮಕ್ಕಳ ಕಲ್ಲಿನ ಮುಂದ ಗುನುಗಿದ್ದೆಲ್ಲಾ ಪದಾ ಅಕ್ಕಾವೇನ?" ಎಂದ ಮುತ್ಯಾ.

"ಅಪ್ಪಾ, ಇವತ್ತಿನ ಪಾಳಿ ಅಕಿದು. ಕರದಾಳ, ಬರ್ಲಿ," ಎಂದು ಕಾಕಾ ನನ್ನ ಪರ ನಿಂತ.

ಅವ್ವ ಆ ದಿನ ಗೊಣಗಲಿಲ್ಲ. ಮಣೆಯ ಮುಂದೆ ತಾನೇ ರಂಗೋಲಿ ಎಳೆದಳು. ಅತಿಥಿಗೆ ಏನು ಮಾಡಲಿ ಎಂದಾಗ, ಅವಳು ಯಾವಾಗಲೂ ಕಡೆಗೆ ಉಣ್ಣುವವಳಲ್ಲವೇ, ಇವತ್ತು ಬಿಸಿಯದೇ ಬಡಿಸು ಎಂದೆ. ಅವ್ವ ನನ್ನ ಮುಖ ನೋಡಿದಳು. ಊಟದ ನಡುವೆ ನಾನು ಎದ್ದು ನಿಂತು ನನ್ನ ನಾಲ್ಕು ಸಾಲನ್ನು ಆ ಹೆಂಗಸಿನ ಪದವೆಂದು ಹಾಡಿದೆ. ಅತಿಥಿಯದೇ ಪದ ಹಾಡಬೇಕು ಅನ್ನುವುದು ನೇಮ. ನನಗೆ ನನ್ನ ಪದ ಯಾರಾದರೂ ಕೇಳಬೇಕು ಅನ್ನುವ ಆಸೆ. ಎರಡನ್ನೂ ಕೂಡಿಸಿ ಜಾಣತನ ಮಾಡಿದೆ ಅಂದುಕೊಂಡೆ. ಮುತ್ಯಾ ಕೂಡ ತುತ್ತು ನಿಲ್ಲಿಸಿ ಕೇಳಿದ, ಆಮೇಲೆ ಹಳೇ ಕಾಲದ ಮಾತು ಹಿಂಗ ಇರತಾವ ನೋಡು ಎಂದ. ಆ ಜಾಣತನವೇ ನನ್ನ ಕುತ್ತಿಗೆಗೆ ಬಂತು.

ಮರುದಿನ ತೋಟದಲ್ಲಿ ದ್ರಾಕ್ಷಿಯ ಗೊನೆ ತೆಳುವು ಮಾಡುವ ಕೆಲಸ ನಡೆದಿತ್ತು. ಚಪ್ಪರದ ಕೆಳಗೆ ಕಾಕಾ ನನ್ನ ಪಕ್ಕಕ್ಕೆ ಬಂದ.

"ಗೌರಿ, ಖರೇ ಹೇಳು. ಆ ಪದಾ ಯಾರ ಕಲಿಸಿದ್ರು?"

"ಯಾರೂ ಇಲ್ಲ ಕಾಕಾ. ನಾನ ಕಟ್ಟೇನಿ."

ಅವನು ಕತ್ತರಿ ಕೆಳಗಿಟ್ಟ. ಇನ್ನೊಮ್ಮೆ ಹಾಡು ಎಂದ. ಹಾಡಿದೆ. ಅವನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳಲ್ಲ, ಅಷ್ಟನ್ನು ಅವನಿಗೆ ಕೊಡುತ್ತೇನೆ. ಮೂರನೇ ಸಾಲಿನಲ್ಲಿ ದನಿ ಎಲ್ಲಿ ಇಳಿಸಬೇಕು ಎಂದು ಹೇಳಿಕೊಟ್ಟ. ಬರುವ ಶ್ರಾವಣದಲ್ಲಿ ಪಕ್ಕದೂರಿನ ಮಠದಲ್ಲಿ ಸುತ್ತಲಿನ ಮೇಳಗಳೆಲ್ಲ ಸೇರುತ್ತವೆ, ಅಲ್ಲಿ ಹೊಸ ಪದ ತಂದವರಿಗೆ ಭಾರಿ ಮರ್ಯಾದೆ. ಅಲ್ಲಿ ಇದನ್ನು ನೀನೇ ಹಾಡಬೇಕು, ನಿನ್ನದೇ ಅಂಕಿತದಲ್ಲಿ, ನಾನು ಪೇಟಿ ಬಾರಿಸುತ್ತೇನೆ ಎಂದ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಬೇಡ, ಅವತ್ತೇ ಗೊತ್ತಾಗಲಿ ಎಂದ. ಗುಟ್ಟು ಅಂದರೆ ಆ ವಯಸ್ಸಿನಲ್ಲಿ ಪೇಢೆಗಿಂತ ರುಚಿ. ನಾನು ತುಟಿ ಬಿಚ್ಚಲಿಲ್ಲ. ಕಾಕಾ ಅಪ್ಪನಿಗೆ ಹೇಳಿ ನನಗೆ ಹೊಸ ಪರಕಾರ, ಪೋಲಕಾ ಹೊಲಿಸಿದ. ದಿನಾ ಹೊತ್ತು ಮುಳುಗುವ ಮುಂಚೆ ಇಬ್ಬರೂ ತೋಟದಲ್ಲಿ ತಾಲೀಮು ಮಾಡುತ್ತಿದ್ದೆವು. ದೂರದಿಂದ ಕಂಡವರಿಗೆಲ್ಲ ಕಾಕಾ ನನಗೆ ಹಾಡು ಕಲಿಸುತ್ತಿದ್ದಾನೆ ಅಂತಲೇ ಅನ್ನಿಸುತ್ತಿತ್ತು.

ಮಠಕ್ಕೆ ಹೋದದ್ದು ಮನೆಮಂದಿಯೆಲ್ಲ ಟ್ರಾಲಿಯಲ್ಲಿ. ಹೆಂಗಸರು ಕಂಬಗಳ ಆಚೆ ಕೂತರು. ನನ್ನನ್ನು ಕಾಕಾ ತನ್ನ ಮೇಳದ ಪಕ್ಕದಲ್ಲೇ ಕೂರಿಸಿಕೊಂಡ. ನಮ್ಮ ಸರದಿ ಬಂದಾಗ ನಾನು ಎದ್ದು ನಿಂತೆ. ಮೇಳದವರೆಲ್ಲ ನನ್ನ ಕಡೆ ನೋಡಿದರು. ಕಾಕಾ ಪೇಟಿಯ ಮೇಲೆ ಬೆರಳಿಟ್ಟವನು ಮುಂದೆ ಕೂತ ಹಿರಿಯರಿಗೆ ಕೈ ಮುಗಿದ.

"ಹುಡಗಿ ಹಾಡಾಕಿದ್ಲರಿ. ಗಂಟಲಾ ಕುಂತೈತಿ. ನಾನ ಹಾಡತೀನ್ರಿ."

ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತಾಳ ಶುರುವಾಯಿತು, ಡಗ್ಗಾದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಯಾರೋ ನನ್ನ ಪರಕಾರ ಹಿಡಿದು ಕೆಳಗೆ ಕೂರಿಸಿದರು. ಕಾಕಾ ನನ್ನ ಪದ ಹಾಡಿದ, ನಾವು ತೋಟದಲ್ಲಿ ಹಾಡಿದ ಹಾಗೆಯೇ. ಮೂರನೇ ಸಾಲು ಬಂತು, ನಾಲ್ಕನೆಯದು ಬಂತು.

"ಬಡವ ಬಾಳಪ್ಪ ಕೇಳತಾನ."

ಅಲ್ಲಿ ಅವನು ಕಣ್ಣು ಮುಚ್ಚಿಕೊಂಡಿದ್ದ. ತಲೆದೂಗಿದವರಿಗೆ ಅದು ಭಕ್ತಿಯಂತೆ ಕಂಡಿತು. ಅವನು ನನ್ನನ್ನು ನೋಡಬಾರದು ಅಂತ ಮುಚ್ಚಿದ್ದು ಅನ್ನುವುದು ನನಗೊಬ್ಬಳಿಗೇ ಗೊತ್ತು. ಮಠದ ಹಿರಿಯರು ಎದ್ದು ಬಂದು ಅವನ ಹೆಗಲಿಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟರು. ಮುತ್ಯಾ ಅಳುತ್ತಿದ್ದ. ಮನೆಯಲ್ಲಿ ನಾನು ಹಾಡಿದ್ದು ನೆನಪಿದ್ದರೂ, ಅಂಕಿತ ಮಗನದು ಅಂದ ಮೇಲೆ ಅವನಿಗೆ ಪದವೂ ಮಗನದೇ. ಅಪ್ಪ ಪಕ್ಕದವನಿಗೆ ಇವ ನನ್ನ ತಮ್ಮ ಎಂದು ಹೇಳುತ್ತಿದ್ದ. ನಾನು ಹೊಸ ಪೋಲಕಾದ ತೋಳು ಕಚ್ಚಿಕೊಂಡು ಕೂತಿದ್ದೆ. ಮನೆಗೆ ಬರುವಾಗ ಕಾಕಾ ಟ್ರಾಲಿಯಲ್ಲಿ ಕೂರದೆ ಟ್ರ್ಯಾಕ್ಟರ್ ಓಡಿಸುವವನ ಪಕ್ಕದಲ್ಲಿ ಕೂತ.

ಮುಂದಿನ ಸೋಮವಾರ ಮುತ್ಯಾನ ಪಾಳಿ. ಬೆಳಿಗ್ಗೆ ಅತಿಥಿ ಯಾರೆಂದು ಹೇಳಲೇ ಇಲ್ಲ, ಹೋಳಿಗೆ ಮಾಡು ಅಂತ ಮಾತ್ರ ಅವ್ವನಿಗೆ ಹೇಳಿಸಿದ. ಎಲ್ಲರೂ ಕೂತ ಮೇಲೆ ಎದ್ದು, ಕಾಕಾನ ಕೈ ಹಿಡಿದು ಖಾಲಿ ಮಣೆಯ ಹತ್ತಿರ ಕರೆದುಕೊಂಡು ಹೋದ.

"ಇಷ್ಟ ದಿನಾ ಸತ್ತವರನ್ನ ಕರದೇವಿ. ನಮ್ಮ ಮನ್ಯಾಗ ಒಬ್ಬಾವ ಹುಟ್ಟ್ಯಾನ, ನಮಗ ಗೊತ್ತಾಗ್ಲಿಲ್ಲ. ಕುಂಡ್ರಪಾ ಬಾಳು."

ನನಗೆ ಆ ಗಳಿಗೆಯಲ್ಲೂ ಒಂದು ನಂಬಿಕೆ ಇತ್ತು. ಮಠದಲ್ಲಿ ಏನೋ ಒತ್ತಡ ಇದ್ದಿರಬೇಕು, ಹುಡುಗಿಯ ಪದ ಅಂದರೆ ಹಿರಿಯರು ಕೇಳುವುದಿಲ್ಲ ಅಂತ ಹಾಗೆ ಮಾಡಿರಬೇಕು, ಈ ಮಣೆಯ ಮೇಲೆ ಮಾತ್ರ ಅವನು ಕೂರಲಾರ. ಇದು ನಾವು ಸೇರಿ ಬೆಳೆಸಿದ ಆಟ. ಕಾಕಾ ಮಣೆಯನ್ನು ನೋಡಿದ, ನನ್ನನ್ನೂ ನೋಡಿದ. ಆಮೇಲೆ ಧೋತರ ಎತ್ತಿಕೊಂಡು ಕೂತ. ಮುತ್ಯಾ ನನಗೆ ತುಪ್ಪದ ಗಿಂಡಿ ಕೊಟ್ಟು, ಕಾಕಾಗ ಹಾಕು ಎಂದ.

"ನಾ ಹಾಕೂದಿಲ್ಲ. ಆ ಪದಾ ನಂದ ಐತಿ."

ಅಪ್ಪನೇ ಮೊದಲು ಕೇಳಿದ್ದು.

"ನಿಂದ? ಮತ್ತ ಅವತ್ತ ಆ ಬೀಸೂ ಆಯಿದು ಅಂತ ಹಾಡಿದೆಲ್ಲ?"

"ಸುಳ್ಳ ಹೇಳಿದ್ದೆ. ನಾನ ಕಟ್ಟಿದ್ದು. ಕಾಕಾನ್ನ ಕೇಳ್ರಿ."

ಎಲ್ಲರೂ ಕಾಕಾನ ಕಡೆ ತಿರುಗಿದರು. ಅವನು ಬೈಯಲಿಲ್ಲ, ಇಲ್ಲ ಎನ್ನಲಿಲ್ಲ. ನಕ್ಕು, ಬಹಳ ಪ್ರೀತಿಯಿಂದ ಹೇಳಿದ.

"ಹೋಗ್ಲಿ ಬಿಡ್ರಿ, ಸಣ್ಣದೈತಿ. ಅಕಿ ಪಾಳಿಗೆ ಹಾಡಾಕ ಒಂದ ಪದಾ ಬೇಕಂದ್ಲು, ನಾನ ಕಲಿಸಿದ್ದೆ. ನನ್ನ ಕೂಡ ಗುನಗಿ ಗುನಗಿ ತಂದ ಪದಾ ಅಂತ ಅಕಿಗಿ ಅನಿಸೇತಿ."

ಎಲ್ಲರಿಗೂ ಸರಿಹೋಯಿತು. ತಾಲೀಮು ನೋಡಿದವರಿದ್ದರು. ಒಮ್ಮೆ ಬೀಸುವ ಆಯಿಯದು, ಒಮ್ಮೆ ನನ್ನದು ಎನ್ನುವ ಹುಡುಗಿಯನ್ನು ಯಾರು ನಂಬುತ್ತಾರೆ? ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಕಲಿಸಿದವರಿಗೆ ಎದುರು ಮಾತಾಡಬಾರದು, ಇಂಥ ಕಾಕಾ ಯಾರಿಗೆ ಸಿಗುತ್ತಾನೆ ಎಂದಳು. ಕಲ್ಲಿನ ಮುಂದೆ ನಾನು ಗುನುಗಿದ್ದು ಅವಳ ಕಿವಿಗೂ ಬಿದ್ದಿರಲಿಲ್ಲ. ಅವಳು ಆ ಹೊತ್ತಿಗೆ ಹೊಲದಲ್ಲಿದ್ದಳು. ಹೊರಗೆ ಹೋಳಿಗೆಯ ಮೇಲೆ ತುಪ್ಪ ಬಿತ್ತು. ಕಾಕಾ ಚೆನ್ನಾಗಿ ಉಂಡ.

ಅವತ್ತಿನಿಂದ ನಾನು ಅಡುಗೆಮನೆಯಲ್ಲೇ ಉಂಡೆ, ನನ್ನ ಪಾಳಿ ಬಂದರೆ ಬೇಡ ಎಂದೆ. ಕಾಕಾನನ್ನು ನೀ ಎನ್ನುವುದು ಬಿಟ್ಟು ನೀವು ಎನ್ನತೊಡಗಿದೆ. ಮನೆಯವರೆಲ್ಲ ಹುಡುಗಿಗೆ ಬುದ್ಧಿ ಬಂತು ಎಂದು ಖುಷಿಪಟ್ಟರು. ಕಾಕಾ ಮಾತ್ರ ನಾನು ಬಹುವಚನ ಆಡಿದಾಗಲೆಲ್ಲ ಒಂದು ಗಳಿಗೆ ತಡೆದು ಉತ್ತರ ಕೊಡುತ್ತಿದ್ದ. ಆ ತಡೆಯುವಿಕೆಯೇ ನನ್ನ ಪಾಲಿಗೆ ಸಿಕ್ಕ ನ್ಯಾಯ. ಜಗತ್ತಿಗೆ ಗೊತ್ತಿಲ್ಲ, ಇವನಿಗೆ ಗೊತ್ತು ಅಂದುಕೊಳ್ಳುತ್ತಿದ್ದೆ. ಮಂದಿ ಅವನನ್ನು ಹೊಗಳಿದಷ್ಟೂ ಇವನ ಹೊಟ್ಟೆಯಲ್ಲಿ ಆ ಸುಳ್ಳು ಕುಟುಕುತ್ತಿರುತ್ತದೆ ಅಂತ ನನಗೊಂದು ಕೆಟ್ಟ ಸಮಾಧಾನ. ಆಮೇಲೆ ರಾಯಬಾಗಕ್ಕೆ ಮದುವೆಯಾಗಿ ಬಂದೆ. ತೊಂಬತ್ತರ ಆಚೆ ಈಚೆ ಮಿರಜಿನಲ್ಲಿ ಯಾರೋ ಆ ಕಲ್ಲಿನ ಪದವನ್ನು ಕಾಕಾನ ಹೆಸರಲ್ಲಿ ಕ್ಯಾಸೆಟ್ ಮಾಡಿದರು. ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ನಮ್ಮ ಮನೆಯ ಮುಂದೆ ಅದನ್ನು ಜೋರಾಗಿ ಹಚ್ಚಿಕೊಂಡು ಹೋಗುತ್ತಿದ್ದವು. ಅತ್ತೆ ಒಮ್ಮೆ, ನಿಮ್ಮ ಕಾಕಾರ ಪದಾ ಬಂತು ನೋಡು ಎಂದು ಕರೆದರು. ಬಟ್ಟೆ ತೊಳೆಯುವುದಿದೆ ಎಂದು ಹಿತ್ತಲಿಗೆ ಹೋದೆ. ಅಲ್ಲಿಗೂ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಕಾಕಾ ರಾಯಬಾಗದ ಬಸ್ಸಿಳಿದು ನಮ್ಮ ಮನೆಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಎದುರಿಗೇ ಕೂತು ನೀರು ಕುಡಿದ. ಕ್ಯಾಸೆಟ್ಟಿನವರು ಇನ್ನೊಂದು ಮಾಡೋಣ ಎನ್ನುತ್ತಿದ್ದಾರೆ, ಆದರೆ ಪದ ಬರುತ್ತಿಲ್ಲ ಎಂದ.

"ಸಣ್ಣಾಕಿದ್ದಾಗ ನಿನಗೂ ಮಾತ ಕೂಡಿಸೂ ಹುಚ್ಚ ಇತ್ತಲ್ಲ. ಏನರ ಇದ್ರ ಕೊಡು ಗೌರಿ. ಈ ಸಲ ನಿನ್ನ ಹೆಸರ ಹಾಕಸ್ತೀನಿ."

ಈ ಸಲ ಎಂದನಲ್ಲ, ನನ್ನ ಕೈ ನಿಂತಿತು. ಇಷ್ಟು ವರ್ಷ ಕಾದಿದ್ದು ಬಂತು ಅಂದುಕೊಂಡೆ. ಅವನು ತಪ್ಪಾಯಿತು ಎನ್ನಬೇಕಿಲ್ಲ, ಕಣ್ಣು ತಗ್ಗಿಸಿದರೂ ಸಾಕು, ಇದ್ದಬದ್ದ ಪದಗಳನ್ನೆಲ್ಲ ಅವನಿಗೇ ಕೊಡಲು ಆ ಗಳಿಗೆ ನಾನು ತಯಾರಿದ್ದೆ.

"ಮೊದಲ ಆ ಕಲ್ಲಿನ ಪದಕ್ಕ ನನ್ನ ಹೆಸರ ಹಾಕಸ್ರಿ ಕಾಕಾ."

ಅವನು ನನ್ನನ್ನು ನೋಡಿದ. ಹೆದರಿದವನ ನೋಟವಲ್ಲ ಅದು, ಅರ್ಥವಾಗದವನ ನೋಟ. ಆಮೇಲೆ ಮಗುವಿಗೆ ಕತೆ ಹೇಳುವವನ ಹಾಗೆ ಶುರು ಮಾಡಿದ. ಮಂಗಸೂಳಿಗೆ ನಡೆದುಕೊಂಡು ಹೊರಟಿದ್ದನಂತೆ. ಕಾಲಿಗೆ ಜಾಲಿಮುಳ್ಳು ಮುರಿದು ಒಂದು ಗುಡಿಸಲ ಮುಂದೆ ಕೂತನಂತೆ. ಒಳಗೆ ಯಾರೋ ಬೀಸುತ್ತಿದ್ದರಂತೆ, ಹೊರಗೆ ಇವನಿಗೆ ಸಾಲಿನ ಮೇಲೆ ಸಾಲು ಬಂದವಂತೆ. ಮುಳ್ಳು ಚುಚ್ಚಿದ ಜಾಗ ಇಲ್ಲೇ ಎಂದು ಅಂಗಾಲು ತಿರುಗಿಸಿ ತೋರಿಸಿದ. ಎಷ್ಟು ಸಭೆಗಳಲ್ಲಿ ಹೇಳಿದ್ದನೋ, ಒಂದು ಮಾತೂ ತಡವರಿಸಲಿಲ್ಲ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿದವು. ನಾನು ಅವನ ಮುಖದಲ್ಲಿ ಸುಳ್ಳನ್ನು ಹುಡುಕಿದೆ. ಒಲೆಯ ಮೇಲಿನ ರೊಟ್ಟಿ ಸುಡುವವರೆಗೂ ಹುಡುಕಿದೆ.

ಆ ಪದ ನನ್ನದು ಅನ್ನುವುದು ನನ್ನನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತಿತ್ತು. ಅವನೂ ಮರೆತಿದ್ದ.